ಕಣ್ಣಿಗೆ ಕನ್ನಡ, ಕಿವಿಗೆ ಕಗ್ಗ: ವಿಶ್ವವಿದ್ಯಾಲಯಗಳ ಜಾಲತಾಣ ಮತ್ತು ಗಡಿನಾಡಿನ ದೃಷ್ಟಿವಿಕಲ ಓದುಗ

ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ‘ಕನ್ನಡ’ ಎಂಬ ಪದ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಕಂಪ್ಯೂಟರಿನ ಒಳಗೆ ಇರುವುದು ಬೇರೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಓರೆಗೆರೆಯ ಎ. ಈ ಏಳು ಚಿಹ್ನೆಗಳಿಗೆ ಕನ್ನಡದ ವೇಷ ತೊಡಿಸುವುದು ಅಕ್ಷರಶೈಲಿಯ ಕೆಲಸ. ಆ ವೇಷ ಕಣ್ಣುಳ್ಳವರಿಗಾಗಿ ಮಾತ್ರ ಇರುವಂಥದು. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ವೇಷವನ್ನು ನೋಡುವುದಿಲ್ಲ. ಒಳಗಿನ ಚಿಹ್ನೆಗಳನ್ನೇ ಎತ್ತಿಕೊಂಡು ದನಿಯಾಗಿಸುತ್ತದೆ. ಹೀಗಾಗಿ ಒಂದೇ ಪುಟ ಒಬ್ಬನಿಗೆ ಪ್ರವೇಶ ಪ್ರಕಟಣೆ, ಇನ್ನೊಬ್ಬನಿಗೆ ಅರ್ಥವಿಲ್ಲದ ಸದ್ದು.

ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ದೊರೆತಿತ್ತು. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ತುಂಗಾ ಎಂಬ ಯೂನಿಕೋಡ್ ಅಕ್ಷರಶೈಲಿ ಸಾಮಾನ್ಯ ಕಂಪ್ಯೂಟರುಗಳಿಗೂ ಬಂದಿತು. ಆ ಬಳಿಕ ಎರಡು ದಶಕಗಳು ದಾಟಿದರೂ ಹಳೆಯ ಅಕ್ಷರಶೈಲಿಗಳ ಬಳಕೆ ಶೈಕ್ಷಣಿಕ ವಲಯದಲ್ಲಿ ನಿಂತಿಲ್ಲ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಮುದ್ರಣಾಲಯಗಳ ಪುಟವಿನ್ಯಾಸ ತಂತ್ರಾಂಶಗಳು ಬಹುಕಾಲ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತಿರಲಿಲ್ಲ. ಬೆರಳಚ್ಚುಗಾರರ ಕೈ ಹಳೆಯದಕ್ಕೆ ಪಳಗಿತ್ತು. ಪ್ರಬಂಧ ಹಾಳೆಯ ಮೇಲೆ ಚೆನ್ನಾಗಿ ಬಂದರೆ ಸಾಕು ಎಂಬ ತೃಪ್ತಿ ಮಾರ್ಗದರ್ಶಕರಲ್ಲಿತ್ತು. ಹಾಳೆಗಾಗಿ ಸಿದ್ಧಪಡಿಸಿದ್ದನ್ನೇ ಜಾಲತಾಣಕ್ಕೆ ಏರಿಸಿದಾಗ ಹಾಳೆಯ ಮಿತಿಯೂ ಅದರೊಡನೆ ಏರಿತು.

ಈ ತೊಡಕು ಕರ್ನಾಟಕದೊಳಗೂ ಇದೆ. ಗಡಿಯಾಚೆ ಅದರ ತೂಕ ಬೇರೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಒಂದು ಪ್ರಕಟಣೆ ಕಿವಿಗೆ ದಕ್ಕದಿದ್ದರೆ ಅದೇ ವಿಷಯ ಪತ್ರಿಕೆಯಲ್ಲಿ ಬರುತ್ತದೆ, ಕಚೇರಿಯ ಗುಮಾಸ್ತ ಕನ್ನಡದಲ್ಲೇ ಉತ್ತರಿಸುತ್ತಾನೆ. ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ, ತಾಳವಾಡಿಯಲ್ಲಿ, ಆದೋನಿಯಲ್ಲಿ ವಿಶ್ವವಿದ್ಯಾಲಯದ ಜಾಲತಾಣ ಮೂಲತಃ ಇಂಗ್ಲಿಷಿನದು, ಆಮೇಲೆ ಆಯಾ ರಾಜ್ಯಭಾಷೆಯದು. ಕನ್ನಡ ಅಲ್ಲಿ ಕಾಣಿಸಿಕೊಳ್ಳುವುದು ಬೆರಳೆಣಿಕೆಯ ಎಡೆಗಳಲ್ಲಿ: ಕನ್ನಡ ವಿಷಯದ ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆಗಳು, ಎಲ್ಲೋ ಒಂದು ಸುತ್ತೋಲೆಯ ಅನುವಾದ, ವಿಚಾರಸಂಕಿರಣದ ಆಹ್ವಾನಪತ್ರ, ಸಂಶೋಧನ ಪ್ರಬಂಧಗಳು. ಇವು ಬಹುಪಾಲು ಪಿಡಿಎಫ್ ಕಡತಗಳೇ ಹೊರತು ಪುಟಗಳಲ್ಲ. ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ ಬಂದ ಒಬ್ಬ ಅಂಧ ವಿದ್ಯಾರ್ಥಿನಿಯನ್ನು ಊಹಿಸಿಕೊಂಡರೆ, ಆಕೆಯ ಪಾಲಿನ ಕನ್ನಡ ಇರುವುದೆಲ್ಲ ಈ ಕಡತಗಳಲ್ಲಿಯೇ. ಅವು ಮಾತಾಡದಿದ್ದರೆ ಆಕೆಗೆ ಬದಲಿ ದಾರಿ ಇಲ್ಲ.

ಕಾಸರಗೋಡಿನ ಮಟ್ಟಿಗೆ ಈ ಊಹೆ ದೂರದ್ದಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಆಕಾಶಮಾರ್ಗದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಬಾಧೆಗೊಳಗಾದ ಪಂಚಾಯತುಗಳಲ್ಲಿ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಗಳಂಥ ಕನ್ನಡ-ತುಳು ನೆಲವೂ ಸೇರಿದೆ. ಸುಪ್ರೀಂ ಕೋರ್ಟು 2011ರಲ್ಲಿ ಆ ಕೀಟನಾಶಕವನ್ನು ನಿಷೇಧಿಸಿತು; 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಅಂಗವೈಕಲ್ಯವೂ ಭಾಷಾ ಅಲ್ಪಸಂಖ್ಯಾತತೆಯೂ ಒಂದೇ ಮನೆಯಲ್ಲಿ ಸೇರಿಬರುವುದು ಈ ಜಿಲ್ಲೆಯಲ್ಲಿ ಅಪವಾದವಲ್ಲ. ಆದರೆ ಅಂಗವೈಕಲ್ಯ ಕುರಿತ ಬರಹಗಳು ಭಾಷೆಯನ್ನು ಬದಿಗಿಡುತ್ತವೆ, ಗಡಿನಾಡಿನ ಭಾಷಾ ಹಕ್ಕುಗಳ ಬರಹಗಳು ಅಂಗವೈಕಲ್ಯವನ್ನು ಮರೆಯುತ್ತವೆ.

ಸುಗಮ್ಯತೆಯ ಚರ್ಚೆಗೆ ಜಗತ್ತಿನಾದ್ಯಂತ ಆಧಾರವಾಗಿರುವ ಪಠ್ಯ ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಮ್ ಪ್ರಕಟಿಸುವ ಡಬ್ಲ್ಯುಸಿಎಜಿ ಮಾರ್ಗಸೂಚಿ. (ಸುಗಮ್ಯತೆ ಎಂಬ ಮಾತು ಹಿಂದಿಯ ಆಡಳಿತ ಪರಿಭಾಷೆಯಿಂದ, 2015ರ ಸುಗಮ್ಯ ಭಾರತ ಅಭಿಯಾನದೊಡನೆ ಹರಡಿದ್ದು, ‘ಎಟುಕು’ ಎಂಬ ಒಳ್ಳೆಯ ಕನ್ನಡ ಕ್ರಿಯಾಪದ ಇದ್ದೂ ಯಾರೂ ಅದರ ಗೋಜಿಗೆ ಹೋಗಲಿಲ್ಲ.) ಇದರ ಮೊದಲ ಆವೃತ್ತಿ 1999ರದು, 2008ರ 2.0, 2018ರ 2.1, 2023ರ 2.2 ಆವೃತ್ತಿಗಳು ಒಂದರ ಮೇಲೊಂದು ಬೆಳೆದವು. ಭಾರತದ ಐಎಸ್ 17802 ಮಾನಕವೂ ಇದೇ ವಂಶದ್ದು. ಗ್ರಹಿಸಲು, ನಿರ್ವಹಿಸಲು, ಅರ್ಥಮಾಡಿಕೊಳ್ಳಲು ಸಾಧ್ಯವಾಗಿರಬೇಕು ಮತ್ತು ಯಾವುದೇ ಸಾಧನದಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂಬ ನಾಲ್ಕು ತತ್ತ್ವಗಳ ಮೇಲೆ ಕಟ್ಟಿದ ಈ ಪಠ್ಯ ಸ್ಪಷ್ಟವಾದುದು, ಪರೀಕ್ಷಿಸಬಹುದಾದುದು. ಅದರ ಬಲ ಇರುವುದು ಅಲ್ಲಿಯೇ.

ಅದರ ಪರಿಭಾಷಾ ಭಾಗದಲ್ಲಿ ‘ಪಠ್ಯ’ ಎಂದರೇನೆಂಬುದಕ್ಕೆ ಒಂದು ನಿರೂಪಣೆಯಿದೆ: ಯಂತ್ರ ಗುರುತಿಸಬಲ್ಲ ಅಕ್ಷರಗಳ ಸರಣಿಯಾಗಿರಬೇಕು, ಆ ಸರಣಿ ಯಾವುದಾದರೂ ಮಾನವ ಭಾಷೆಯಲ್ಲಿ ಏನನ್ನಾದರೂ ಹೇಳುತ್ತಿರಬೇಕು. ಈ ಎರಡನೆಯ ಷರತ್ತಿನ ಮುಂದೆ ಹಳೆಯ ನುಡಿಯಲ್ಲಿರುವ ಸುತ್ತೋಲೆಯನ್ನಿಟ್ಟರೆ ಅದು ಪಠ್ಯವೇ ಅಲ್ಲ. ಪೌಂಡಿನ ಚಿಹ್ನೆಯೂ ಜರ್ಮನ್ ಎಸ್ಸೂ ಕೂಡಿ ಯಾವ ಭಾಷೆಯಲ್ಲೂ ಏನನ್ನೂ ಹೇಳುವುದಿಲ್ಲ. ಅಂದರೆ ಮಾರ್ಗಸೂಚಿಯ ತತ್ತ್ವ ಈ ದೋಷವನ್ನು ಹಿಡಿಯುತ್ತದೆ. ಹಿಡಿಯದೇ ಬಿಡುವುದು ಅದನ್ನು ಜಾರಿಗೆ ತರುವ ಕ್ರಮ. ಸ್ವಯಂಚಾಲಿತ ತಪಾಸಣಾ ತಂತ್ರಾಂಶಗಳು ಚಿತ್ರಕ್ಕೆ ಪರ್ಯಾಯ ವಿವರಣೆ ಇದೆಯೇ, ಬಣ್ಣಗಳ ನಡುವೆ ಸಾಕಷ್ಟು ಅಂತರ ಇದೆಯೇ, ಪುಟದ ಭಾಷೆಯನ್ನು ಘೋಷಿಸಲಾಗಿದೆಯೇ ಎಂದು ನೋಡುತ್ತವೆ. ಅಕ್ಷರಗಳ ಸರಣಿ ಇದ್ದರೆ ಸಾಕು, ಅದು ಮಾತೋ ಕಗ್ಗವೋ ಎಂದು ಅವು ಕೇಳುವುದಿಲ್ಲ. ಕಗ್ಗವೆಂದು ತಿಳಿಯಲು ಕನ್ನಡ ಬಲ್ಲ ಒಬ್ಬ ಮನುಷ್ಯ ಕುಳಿತು ಕೇಳಬೇಕು. ತಪಾಸಣೆಯ ಗುತ್ತಿಗೆಯಲ್ಲಿ ಅಂಥ ಮನುಷ್ಯನಿಗೆ ಸ್ಥಾನವಿಲ್ಲದಿದ್ದರೆ, ಕನ್ನಡ ಓದಲಾಗದ ಪುಟವೂ ಉತ್ತೀರ್ಣವಾಗುತ್ತದೆ.

ಯೂನಿಕೋಡಿಗೆ ಬದಲಾದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆಯೂ ಅರ್ಧಸತ್ಯ. ಪಿಡಿಎಫ್ ಕಡತ ಮೂಲತಃ ಅಚ್ಚಿನ ನಕ್ಷೆ. ಯಾವ ಆಕಾರ ಹಾಳೆಯ ಯಾವ ಬಿಂದುವಿನಲ್ಲಿ ನಿಲ್ಲಬೇಕೆಂಬುದನ್ನು ಅದು ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ಕಾಣುವ ಕ್ರಮವೂ ನುಡಿಯುವ ಕ್ರಮವೂ ಒಂದೇ ಆದುದರಿಂದ ಹೆಚ್ಚಿನ ಕೇಡಾಗುವುದಿಲ್ಲ. ಕನ್ನಡದ ಅರ್ಕಾವೊತ್ತು ಈ ಹೊಂದಾಣಿಕೆಯನ್ನು ಮುರಿಯುತ್ತದೆ. ನುಡಿಯುವಾಗ ಮೊದಲು ಬರುವ ರೇಫ ಬರೆಯುವಾಗ ಮುಂದಿನ ಅಕ್ಷರದ ಬೆನ್ನಿಗೆ ಹೋಗಿ ನಿಲ್ಲುತ್ತದೆ. ಕಡತದಿಂದ ಅಕ್ಷರಗಳನ್ನು ಹೊರತೆಗೆಯುವ ತಂತ್ರಾಂಶ ಕಂಡ ಕ್ರಮದಲ್ಲೇ ತೆಗೆದರೆ ‘ಕಾರ್ಯಕ್ರಮ’ ‘ಕಾಯರ್ಕ್ರಮ’ವಾಗುತ್ತದೆ, ‘ವಿದ್ಯಾರ್ಥಿ’ ‘ವಿದ್ಯಾಥಿರ್’ ಆಗುತ್ತಾನೆ, ‘ಅರ್ಜಿ’ ‘ಅಜಿರ್’, ‘ಅರ್ಹತೆ’ ‘ಅಹರ್ತೆ’. ಹಳೆಯ ಅಕ್ಷರಶೈಲಿಯಿಂದ ಅವಸರದಲ್ಲಿ ಪರಿವರ್ತಿಸಿದ ಬರಹಗಳಲ್ಲೂ ಇದೇ ರೋಗ. ಕಣ್ಣಿನಿಂದ ಓದುವವರು ಇಂಥ ತಪ್ಪನ್ನು ನಕ್ಕು ದಾಟುತ್ತಾರೆ. ನಿಮಿಷಕ್ಕೆ ನೂರಾರು ಪದಗಳ ವೇಗದಲ್ಲಿ ಕೇಳುತ್ತಿರುವವರು ಪ್ರತಿ ಸಲ ನಿಲ್ಲಿಸಿ, ಅಕ್ಷರ ಅಕ್ಷರ ಬಿಡಿಸಿ, ಮೂಲಪದವನ್ನು ಊಹಿಸಬೇಕು. ವಿಶ್ವವಿದ್ಯಾಲಯದ ಪದಕೋಶವಂತೂ ರೇಫಮಯ: ವರ್ಷ, ವರ್ಗ, ನಿರ್ದೇಶಕ, ಮಾರ್ಗದರ್ಶಕ, ತೇರ್ಗಡೆ, ಹಾಜರಾತಿ ಪ್ರಮಾಣಪತ್ರದ ಮೇಲಿನ ‘ಪ್ರಾಚಾರ್ಯ’. ಗುರುತುಗಳುಳ್ಳ ಪಿಡಿಎಫ್‌ನಲ್ಲಿ ಪ್ರತಿ ಪದದ ನಿಜವಾದ ಅಕ್ಷರಸರಣಿಯನ್ನು ಬೇರೆಯಾಗಿ ದಾಖಲಿಸುವ ಸೌಲಭ್ಯ ಇದೆ. ಅದನ್ನು ಬಳಸಬೇಕೆಂದು ತಿಳಿದಿರುವ ಬೆರಳಚ್ಚುಗಾರರು ವಿರಳ, ಅವರಿಗೆ ತಿಳಿಸಿಕೊಟ್ಟ ಅಧ್ಯಾಪಕರು ಇನ್ನೂ ವಿರಳ.

ಕಚೇರಿಯ ನಡವಳಿಕೆಗೂ ಇದರಲ್ಲಿ ದೊಡ್ಡ ಪಾಲಿದೆ. ಸುತ್ತೋಲೆಯೊಂದು ಕಂಪ್ಯೂಟರಿನಲ್ಲಿ, ಅನೇಕ ಸಲ ಯೂನಿಕೋಡಿನಲ್ಲಿಯೇ, ಸಿದ್ಧವಾಗುತ್ತದೆ. ಬಳಿಕ ಅದನ್ನು ಅಚ್ಚು ತೆಗೆದು ಕುಲಸಚಿವರ ಸಹಿ ಪಡೆದು, ಮೊಹರು ಒತ್ತಿ, ಸ್ಕ್ಯಾನ್ ಮಾಡಿ, ಆ ಚಿತ್ರವನ್ನು ಜಾಲತಾಣಕ್ಕೆ ಹಾಕಲಾಗುತ್ತದೆ. ಸಹಿ ಬಿದ್ದ ಗಳಿಗೆಯಲ್ಲಿ ಅದಕ್ಕೆ ಅಧಿಕೃತತೆ ಬರುತ್ತದೆ, ಸ್ಕ್ಯಾನ್ ಆದ ಗಳಿಗೆಯಲ್ಲಿ ಅದರ ದನಿ ಹೋಗುತ್ತದೆ. ಸ್ಕ್ರೀನ್ ರೀಡರ್ ಅಂಥ ಕಡತವನ್ನು ಖಾಲಿ ದಾಖಲೆ ಎಂದಷ್ಟೇ ಸಾರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದಲ್ಲೇ ಡಿಜಿಟಲ್ ಸಹಿಗೆ ಕಾನೂನಿನ ಮನ್ನಣೆ ಕೊಟ್ಟಿದೆ. ಸಹಿಗಾಗಿ ಹಾಳೆಯನ್ನು ಸುತ್ತಿಸುವ ಅಗತ್ಯ ಅಂದೇ ಮುಗಿಯಬೇಕಿತ್ತು. ಸಹಿಯ ಪ್ರತಿಯೊಡನೆ ಮೂಲ ಕಡತವನ್ನೂ ಏರಿಸುವುದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಭಾಷೆಯ ಘೋಷಣೆ ಎಂಬ ಸಣ್ಣ ಸಂಗತಿ ಗಡಿನಾಡಿನಲ್ಲಿ ದೊಡ್ಡದಾಗುತ್ತದೆ. ಪುಟ ಯಾವ ಭಾಷೆಯದೆಂದು ಅದರ ಸಂಕೇತದಲ್ಲಿ ಹೇಳಬೇಕೆಂಬುದು ಡಬ್ಲ್ಯುಸಿಎಜಿಯ ಕನಿಷ್ಠ ಹಂತದ ನಿಯಮ. ಪುಟದೊಳಗೆ ಬೇರೆ ಭಾಷೆಯ ಭಾಗ ಬಂದರೆ ಅದನ್ನೂ ಗುರುತಿಸಬೇಕೆಂಬುದು ಎರಡನೆಯ ಹಂತದ್ದು. ಏಕಭಾಷೆಯ ಜಾಲತಾಣಕ್ಕೆ ಎರಡನೆಯ ನಿಯಮ ಅಲಂಕಾರ, ಇಂಗ್ಲಿಷ್ ಮಲಯಾಳಂ ಕನ್ನಡಗಳು ಒಂದೇ ಪುಟದಲ್ಲಿ ಕೂಡುವ ಕಾಸರಗೋಡಿನಂಥಲ್ಲಿ ಅದೇ ಪ್ರಾಣ. ಗುರುತಿಲ್ಲದ ಕನ್ನಡ ಸಾಲು ಎದುರಾದಾಗ ಕನ್ನಡ ತಿಳಿಯದ ದನಿಯ ಎಂಜಿನ್ನು ಏನು ಮಾಡುತ್ತದೆಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಹಲವು ಎಂಜಿನ್ನುಗಳು ಆ ಸಾಲನ್ನು ಸದ್ದಿಲ್ಲದೆ ದಾಟಿಬಿಡುತ್ತವೆ. ಕಗ್ಗ ಕೇಳಿಸಿದರೆ ಏನೋ ಇತ್ತೆಂಬುದಾದರೂ ತಿಳಿಯುತ್ತದೆ. ಸದ್ದೇ ಇಲ್ಲದಾಗ ಅಲ್ಲಿ ಕನ್ನಡ ಇತ್ತೆಂಬ ಸುಳಿವೂ ಓದುಗನಿಗೆ ಸಿಗುವುದಿಲ್ಲ. ಕನ್ನಡದ ದನಿ ಇಲ್ಲವೆಂಬ ನೆಪ ಇಂದು ನಡೆಯದು. ಉಚಿತವಾದ ಎನ್‌ವಿಡಿಎ ಸ್ಕ್ರೀನ್ ರೀಡರ್ ಜೊತೆಗೆ ಬರುವ ಇ-ಸ್ಪೀಕ್ ಎಂಜಿನ್ನಿನಲ್ಲಿ ಯಾಂತ್ರಿಕವಾದರೂ ಸರಿ, ಕನ್ನಡದ ದನಿ ಇದೆ. ಆಂಡ್ರಾಯ್ಡ್ ಫೋನುಗಳಲ್ಲಿ ಇನ್ನೂ ಚೆನ್ನಾಗಿದೆ. ಸಂತೋಷ್ ತೋಟ್ಟಿಂಗಲ್ ಬೆಳೆಸಿದ ‘ಧ್ವನಿ’ ಎಂಬ ಮುಕ್ತ ತಂತ್ರಾಂಶ ಮಲಯಾಳಂ ಜೊತೆಗೆ ಕನ್ನಡವನ್ನೂ ಮಾತಾಡಿಸಿತ್ತು ಎಂಬುದು ಗಡಿನಾಡಿನವರು ನೆನೆಯಬೇಕಾದ ಸಂಗತಿ. ತುಳುವಿಗೆ ಮಾತ್ರ ಈ ಸೌಲಭ್ಯ ಒದಗಿಲ್ಲ. ಕನ್ನಡ ಲಿಪಿಯಲ್ಲಿರುವ ತುಳುವನ್ನು ಕನ್ನಡದ ದನಿಯಲ್ಲೇ ಕೇಳಬೇಕು, ಅದರ ವಿಶಿಷ್ಟ ಸ್ವರಗಳು ಅಲ್ಲಿ ನುಡಿಯುವುದಿಲ್ಲ.

ಇದರ ನಡುವೆ ವಿಶ್ವವಿದ್ಯಾಲಯಗಳು ಸುಗಮ್ಯತೆಯ ಹೆಸರಿನಲ್ಲಿ ಹೆಚ್ಚಾಗಿ ಮಾಡುವುದು ಪುಟದ ಮೂಲೆಯಲ್ಲಿ ಅಕ್ಷರ ಹಿಗ್ಗಿಸುವ, ಬಣ್ಣ ಬದಲಿಸುವ ಗುಂಡಿಗಳ ಪಟ್ಟಿಯೊಂದನ್ನು ಅಂಟಿಸುವುದು. ಇಂಥ ಮೇಲುಹೊದಿಕೆ ತಂತ್ರಾಂಶವನ್ನು ಮಾರುವ ಆಕ್ಸೆಸಿಬಿ ಕಂಪನಿ ತನ್ನ ಸಾಧನ ಯಾವ ಜಾಲತಾಣವನ್ನಾದರೂ ಮಾರ್ಗಸೂಚಿಗೆ ಹೊಂದಿಸಬಲ್ಲದೆಂದು ಸಾರಿಕೊಂಡದ್ದಕ್ಕಾಗಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ 2025ರಲ್ಲಿ ಅದರಿಂದ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಹಿಗ್ಗಿಸಿದರೂ ಕಗ್ಗ ಕಗ್ಗವೇ.

ಕಾನೂನಿನ ಪಠ್ಯ ಈ ಆಚರಣೆಗಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 42ನೆಯ ಪ್ರಕರಣ ವಿದ್ಯುನ್ಮಾನ ವಿಷಯವೆಲ್ಲ ಸುಗಮ್ಯ ರೂಪದಲ್ಲಿರಬೇಕೆನ್ನುತ್ತದೆ. 2024ರ ನವೆಂಬರಿನ ರಾಜೀವ್ ರತೂರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸುಗಮ್ಯತೆಯ ಮಾನಕಗಳು ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದಿತು. 2025ರ ಏಪ್ರಿಲಿನ ಪ್ರಜ್ಞಾ ಪ್ರಸೂನ್ ತೀರ್ಪು ಡಿಜಿಟಲ್ ಪ್ರವೇಶವನ್ನು ಸಂವಿಧಾನದ 21ನೆಯ ಅನುಚ್ಛೇದದ ಬದುಕುವ ಹಕ್ಕಿನೊಳಗೆ ಸೇರಿಸಿತು. ಇವು ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಸಂಗತಿಗಳು. ಅಷ್ಟಾಗಿ ಗಮನಕ್ಕೆ ಬಾರದ ಎರಡು ಎಡೆಗಳು ಅದೇ ಕಾಯಿದೆಯಲ್ಲಿವೆ. ‘ಸಂವಹನ’ ಎಂಬುದರ ನಿರೂಪಣೆಯಲ್ಲಿ ಬ್ರೈಲ್, ದೊಡ್ಡಕ್ಷರ, ಸಂಜ್ಞಾಭಾಷೆ ಮುಂತಾದವುಗಳ ಜೊತೆಗೆ ‘ಭಾಷೆಗಳು’ ಎಂಬ ಪದವೂ ಪ್ರತ್ಯೇಕವಾಗಿ ಸೇರಿದೆ. ಶಿಕ್ಷಣ ಕುರಿತ 16ನೆಯ ಪ್ರಕರಣವು ಅಂಧರಿಗೂ ಕಿವುಡರಿಗೂ ಅತ್ಯಂತ ಸೂಕ್ತವಾದ ಭಾಷೆಗಳಲ್ಲಿ ಶಿಕ್ಷಣ ಕೊಡಬೇಕೆನ್ನುತ್ತದೆ.

ಈ ಪದಗಳು ವಿಶ್ವಸಂಸ್ಥೆಯ ಒಡಂಬಡಿಕೆಯಿಂದ ಬಂದಂಥವು. ಬರೆದವರ ಮನಸ್ಸಿನಲ್ಲಿದ್ದುದು ಪ್ರಧಾನವಾಗಿ ಸಂಜ್ಞಾಭಾಷೆ ಎಂದು ವಾದಿಸಬಹುದು. ಆದರೆ ಅಂಧರನ್ನೂ ಹೆಸರಿಸಿ ಭಾಷೆಯ ಮಾತೆತ್ತಿರುವಾಗ ಅದನ್ನು ಸಂಜ್ಞೆಗಷ್ಟೇ ಸೀಮಿತಗೊಳಿಸುವುದು ಕಷ್ಟ. ಭಾಷಾ ಅಲ್ಪಸಂಖ್ಯಾತರ ಪರವಾದ ಸಂವಿಧಾನದ 350-ಎ ಅನುಚ್ಛೇದ, 1956ರ ಏಳನೆಯ ತಿದ್ದುಪಡಿಯಿಂದ ಬಂದುದು, ಪ್ರಾಥಮಿಕ ಶಾಲೆಯ ಹೊಸ್ತಿಲಲ್ಲೇ ನಿಲ್ಲುತ್ತದೆ. ವಿಶ್ವವಿದ್ಯಾಲಯದ ಹಂತದಲ್ಲಿ ಮಾತೃಭಾಷೆಯನ್ನು ಕೇಳಲು ಕಣ್ಣುಳ್ಳ ಕನ್ನಡಿಗನಿಗಿರುವ ಆಧಾರಕ್ಕಿಂತ ಗಟ್ಟಿಯಾದ ಆಧಾರವೊಂದು ಕಾಣದ ಕನ್ನಡಿಗನಿಗೆ ಈ 16ನೆಯ ಪ್ರಕರಣದಲ್ಲಿ ದೊರೆಯುತ್ತದೆ. ಗಡಿನಾಡಿನ ಕನ್ನಡಪರ ಮನವಿಗಳಲ್ಲಿ ಈ ವಾದಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ. ‘ಪ್ರಯತ್ನಿಸತಕ್ಕದ್ದು’ ಎಂಬ ಸಡಿಲ ಕ್ರಿಯಾಪದದಿಂದ ಆ ಪ್ರಕರಣ ಆರಂಭವಾಗುತ್ತದೆ ಎಂಬುದು ಅದರ ದೌರ್ಬಲ್ಯ, ನಿಜ. ಆದರೂ ಎತ್ತದ ವಾದ ದುರ್ಬಲವೋ ಪ್ರಬಲವೋ ಎಂದು ತೀರ್ಮಾನಿಸುವವರು ಯಾರು?

ಬ್ರೈಲ್ ವಿಷಯದಲ್ಲಿ ಒಂದು ಕುತೂಹಲದ ಸಂಗತಿಯಿದೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ವ್ಯವಸ್ಥೆಯಲ್ಲಿ ಕನ್ನಡದ ಕಕಾರಕ್ಕೂ ಮಲಯಾಳಂ, ಮರಾಠಿ, ತೆಲುಗುಗಳ ಕಕಾರಕ್ಕೂ ಒಂದೇ ಚುಕ್ಕೆಗಳು. ಲಿಪಿಗಾಗಿ ಕಾದಾಡುವ ಗಡಿಗಳು ಬೆರಳ ತುದಿಯಲ್ಲಿ ಇಲ್ಲವಾಗುತ್ತವೆ. ಸೊಲ್ಲಾಪುರದ ಕನ್ನಡ ವಿದ್ಯಾರ್ಥಿ ಮರಾಠಿ ಬ್ರೈಲ್ ಕಲಿತಿದ್ದರೆ ಕನ್ನಡದ ಬ್ರೈಲನ್ನು ಹೊಸದಾಗಿ ಕಲಿಯಬೇಕಾದದ್ದು ಅತ್ಯಲ್ಪ. ಕಂಪ್ಯೂಟರಿಗೆ ಜೋಡಿಸುವ ಬ್ರೈಲ್ ಫಲಕ ಈ ಸೌಲಭ್ಯವನ್ನು ಇನ್ನಷ್ಟು ಹತ್ತಿರ ತಂದಿದೆ. ಆದರೆ ಅದರ ತಂತ್ರಾಂಶಕ್ಕೂ ಬೇಕಾದದ್ದು ಯೂನಿಕೋಡ್ ಅಕ್ಷರಗಳೇ. ಹಳೆಯ ಅಕ್ಷರಶೈಲಿಯ ಕಡತ ಅಲ್ಲೂ ಚುಕ್ಕೆಗಳ ರಾಶಿಯಾಗಿ ಬೀಳುತ್ತದೆ.

ಸುಗಮ್ಯತೆಯ ಒತ್ತಾಯ ಹೆಚ್ಚಿದಂತೆ ಇನ್ನೊಂದು ಅಪಾಯ ಎದುರಾಗುತ್ತದೆ, ಅದಕ್ಕೆ ಬರ್ಕ್ಲಿಯ ಪ್ರಸಂಗ ನಿದರ್ಶನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆ ತನ್ನ ತರಗತಿ ಉಪನ್ಯಾಸಗಳ ಮುದ್ರಿಕೆಗಳನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಿಟ್ಟಿತ್ತು. ಕಿವುಡರ ವಿಶ್ವವಿದ್ಯಾಲಯವೆಂದೇ ಹೆಸರಾದ ಗ್ಯಾಲಡೆಟ್‌ನ ಇಬ್ಬರು ಉದ್ಯೋಗಿಗಳು, ಅವುಗಳಲ್ಲಿ ಉಪಶೀರ್ಷಿಕೆಗಳು ಸರಿಯಾಗಿಲ್ಲವೆಂದು ದೂರಿದರು. 2016ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ದೂರನ್ನು ಎತ್ತಿಹಿಡಿಯಿತು. ವಿಶ್ವವಿದ್ಯಾಲಯ 2017ರ ಮಾರ್ಚಿನಲ್ಲಿ ಮಾಡಿದ್ದೇನೆಂದರೆ, 20,000ಕ್ಕೂ ಹೆಚ್ಚು ಮುದ್ರಿಕೆಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡದ್ದು. ಸರಿಪಡಿಸುವ ಒಪ್ಪಂದ ಏರ್ಪಟ್ಟದ್ದು 2022ರ ಕೊನೆಯಲ್ಲಿ. ದೂರುಕೊಟ್ಟವರಿಂದಾಗಿ ಎಲ್ಲರಿಗೂ ನಷ್ಟವಾಯಿತೆಂಬ ಆಕ್ಷೇಪ ಆಗ ವ್ಯಾಪಕವಾಗಿ ಕೇಳಿಬಂದಿತು. ಅದು ಅನ್ಯಾಯದ ಆಕ್ಷೇಪ: ದೂರು ಬಂದದ್ದು ಉಪಶೀರ್ಷಿಕೆ ಬೇಕೆಂದು, ತೆಗೆದುಹಾಕಿರೆಂದಲ್ಲ.

ಅಷ್ಟು ಸಂಪನ್ಮೂಲವಿದ್ದ ಸಂಸ್ಥೆಗೇ ಅಳಿಸುವುದು ಸುಲಭವೆನಿಸಿದಾಗ, ಅಲ್ಪಸಂಖ್ಯಾತ ಭಾಷೆಯ ಕೆಲವೇ ಕಡತಗಳನ್ನಿಟ್ಟುಕೊಂಡ ಜಾಲತಾಣಕ್ಕೆ ಯಾವುದು ಸುಲಭವೆನಿಸೀತು? ತಪಾಸಣೆ ಕಡ್ಡಾಯವಾದರೆ ಇಂಗ್ಲಿಷ್ ಪುಟಗಳು ಬೇಗ ಸುಧಾರಿಸುತ್ತವೆ, ರಾಜ್ಯಭಾಷೆಯ ಪುಟಗಳು ಅದನ್ನು ಹಿಂಬಾಲಿಸುತ್ತವೆ. ಸ್ಕ್ಯಾನ್ ಮಾಡಿದ ಕನ್ನಡ ಪಿಡಿಎಫ್ ಕಡತ ವರದಿಯಲ್ಲಿ ಕೆಂಪು ಸಾಲಾಗಿ ಉಳಿಯುತ್ತದೆ. ಅದನ್ನು ಮತ್ತೆ ಬೆರಳಚ್ಚು ಮಾಡಿಸಲು ಕನ್ನಡ ಬಲ್ಲ ಸಿಬ್ಬಂದಿ ಬೇಕು, ಅಳಿಸಲು ಒಂದು ಗುಂಡಿ ಸಾಕು. ಪುಟ ಅಳಿದ ಮೇಲೆ ಜಾಲತಾಣ ಪೂರ್ಣ ಸುಗಮ್ಯವೆಂಬ ಪ್ರಮಾಣಪತ್ರ ಬರುತ್ತದೆ, ಕನ್ನಡ ಹೋದದ್ದಕ್ಕೆ ಎಲ್ಲೂ ದಾಖಲೆ ಇರುವುದಿಲ್ಲ. ತಪಾಸಣೆಯ ನಿಯಮಗಳಲ್ಲಿ ಒಂದು ಷರತ್ತು ಸೇರಬೇಕಾದದ್ದು ಇಲ್ಲಿ: ದೋಷವಿರುವ ಕಡತವನ್ನು ಸರಿಪಡಿಸಿದ ಪ್ರತಿ ಸಿದ್ಧವಾಗುವವರೆಗೆ ತೆಗೆಯುವಂತಿಲ್ಲ, ತೆಗೆದದ್ದರ ಪಟ್ಟಿಯನ್ನು ಭಾಷಾವಾರು ಪ್ರಕಟಿಸಬೇಕು. ಗಡಿನಾಡಿನ ಸಂಘಸಂಸ್ಥೆಗಳು ಈಗಲೇ ಕೇಳಬಹುದಾದ ಷರತ್ತು ಇದು.

ದೋಷವನ್ನೆಲ್ಲ ಕಚೇರಿಗಳ ತಲೆಗೆ ಕಟ್ಟುವುದೂ ಸರಿಯಲ್ಲ. ಕನ್ನಡದ ಅತಿ ದೊಡ್ಡ ಮೂಕ ಭಂಡಾರ ಅಧ್ಯಾಪಕರೇ ಕಟ್ಟಿದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯ ಬಳಿಕ ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದು ಕಡ್ಡಾಯವಾಯಿತು. ಅವು ಶೋಧಗಂಗಾ ಸಂಗ್ರಹದಲ್ಲಿ ಸೇರುತ್ತ ಬಂದವು. ಕನ್ನಡದ ಪ್ರಬಂಧಗಳಲ್ಲಿ ಬಹಳಷ್ಟು ಸ್ಕ್ಯಾನ್ ಚಿತ್ರಗಳು ಅಥವಾ ಹಳೆಯ ಅಕ್ಷರಶೈಲಿಯ ಕಡತಗಳು. ಮದರಾಸು, ಮುಂಬಯಿ, ಉಸ್ಮಾನಿಯಾ, ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯಗಳಂಥ ಕರ್ನಾಟಕದ ಹೊರಗಿನ ವಿಭಾಗಗಳಲ್ಲಿ ನಡೆದ ಸಂಶೋಧನೆಗೂ ಅಂಧ ಸಂಶೋಧಕನಿಗೂ ನಡುವೆ ನಿಂತಿರುವ ಗೋಡೆ ಇದೇ ಬಗೆಯದು. ಕಣ್ಣುಳ್ಳವರೂ ಆ ಗೋಡೆಗೆ ಮುಗ್ಗರಿಸುತ್ತಾರೆ: ಇಂಥ ಕಡತದಲ್ಲಿ ಒಂದು ಪದವನ್ನು ಹುಡುಕಲಾಗದು, ಒಂದು ಸಾಲನ್ನು ಎತ್ತಿ ಉಲ್ಲೇಖಿಸಲಾಗದು. ಅವರಿಗೆ ಅದು ಬರಿಯ ಕಿರಿಕಿರಿ, ಕಾಣದವರಿಗೆ ಸಂಶೋಧನೆಯೇ ಮುಚ್ಚಿದ ಬಾಗಿಲು. ಗಡಿನಾಡಿನ ಸಂಶೋಧನ ಪತ್ರಿಕೆಗಳ ಹಳೆಯ ಸಂಚಿಕೆಗಳೂ ಈ ಮಾತಿಗೆ ಹೊರತಲ್ಲ.

ಹಳೆಯದನ್ನು ಬಿಡಿಸುವ ಉಪಾಯಗಳು ಇಲ್ಲವೆಂದಲ್ಲ. ಅಕ್ಷರಶೈಲಿಯ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೂಲ ಬೆರಳಚ್ಚು ಕಡತ ಉಳಿದಿದ್ದರೆ ಒಂದು ಪ್ರಬಂಧವನ್ನು ಪರಿವರ್ತಿಸಿ ತಿದ್ದುವುದು ಕೆಲವು ದಿನಗಳ ಕೆಲಸ. ಸ್ಕ್ಯಾನ್ ಚಿತ್ರಗಳಿಗೆ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ‘ಲಿಪಿ ಜ್ಞಾನಿ’ ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತಗಳನ್ನೂ ಗಮನದಲ್ಲಿಟ್ಟುಕೊಂಡದ್ದು. ಕಾಸರಗೋಡಿನ ಬರಹಕ್ಕೆ ಅದಕ್ಕಿಂತ ಹೊಂದುವ ಸಾಧನ ಸಿಗುವುದು ಕಷ್ಟ. ಯಂತ್ರ ಓದಿದ ಮೇಲೆ ಕರಡು ತಿದ್ದಲು ಮನುಷ್ಯರು ಬೇಕೇ ಬೇಕು, ವಿಶೇಷವಾಗಿ ಹಳಗನ್ನಡದ ಉದ್ಧರಣೆಗಳಲ್ಲಿ, ಅಡಿಟಿಪ್ಪಣಿಗಳಲ್ಲಿ, ಊರುಗಳ ಹೆಸರುಗಳಲ್ಲಿ. ಎಂ.ಎ. ತರಗತಿಯ ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆ ಒಂದು ಪತ್ರಿಕೆಯಾಗಿ ಇದ್ದೇ ಇದೆ. ತಾಳೆಯೋಲೆಯ ಪಾಠಾಂತರಗಳನ್ನು ಗುರುತಿಸಲು ಕಲಿಯುವ ಕೈಗೆ, ತನ್ನದೇ ವಿಭಾಗದ ಒಂದು ಪ್ರಬಂಧದ ‘ವಿದ್ಯಾಥಿರ್’ಯನ್ನು ‘ವಿದ್ಯಾರ್ಥಿ’ಯಾಗಿ ತಿದ್ದುವ ಅಭ್ಯಾಸವನ್ನೂ ಅದೇ ಪತ್ರಿಕೆಯಲ್ಲಿ ಕೊಡಬಹುದು. ತಿದ್ದಿದ ಪ್ರತಿಯನ್ನು ಅಂತಿಮವೆಂದು ಒಪ್ಪುವ ಮೊದಲು ಒಮ್ಮೆ ಪರದೆಯನ್ನು ಆರಿಸಿ ಕಿವಿಯಿಂದ ಕೇಳಬೇಕು.